ಬಾರದ ಜ್ವರ

‘ಅವರು ಓಡಿಹೋಗಲಿಲ್ಲ’ ಎಂದು ಬರೆದು ಅವಳು ಅದರ ಮೇಲೆ ಗೀಟೆಳೆದಳು. ‘ಅವರು ಉಳಿದರು’ ಎಂದು ಬರೆದಳು. ಅದರ ಮೇಲೂ ಗೀಟು ಬಿತ್ತು. ಉಳಿದರು ಎಂದರೆ ಊರಲ್ಲೇ ಉಳಿದರು ಎಂದೋ, ಸಾಯದೆ ಉಳಿದರು ಎಂದೋ? ಭಾಷೆಗೆ ನಾಚಿಕೆಯಿಲ್ಲ. ಎರಡಕ್ಕೂ ಒಂದೇ ಮಾತನ್ನು ಇಟ್ಟುಕೊಂಡು ಕೂತಿದೆ.

ಸಂಜೆ ನಾಲ್ಕಕ್ಕೆ ಚರ್ಚಿನಲ್ಲಿ ಅವಳ ಭಾಷಣ. ಈಗ ಬೆಳಿಗ್ಗೆ ಏಳೂವರೆ. ಮೇಜಿನ ಮೇಲೆ ಬ್ರೆಡ್ಡಿನ ತಟ್ಟೆ, ಬೆಣ್ಣೆಯ ಡಬ್ಬಿ, ಅವುಗಳ ನಡುವೆ ಹದಿನೆಂಟು ಶತಮಾನಗಳ ಸಾವು.

ಇತಿಹಾಸ ಅವಳ ಹೊಟ್ಟೆಪಾಡು. ಕಾಲೇಜಿನಲ್ಲಿ ಪಾಠ ಹೇಳಲು ಶುರುಮಾಡಿ ಇಪ್ಪತ್ತು ವರ್ಷವಾಗಿತ್ತು. ಸಂಶೋಧನೆ ಮಾಡಿದ್ದು ಮಹಾಮಾರಿಗಳ ಕಾಲದ ಕ್ರೈಸ್ತ ಸಭೆಯ ಬಗ್ಗೆ. ಬೇರೆಯವರಿಗೆ ನೆಂಟರಿಷ್ಟರ ಹುಟ್ಟಿದ ದಿನ ನೆನಪಿರುವ ಹಾಗೆ ಅವಳಿಗೆ ಪ್ಲೇಗುಗಳ ಇಸವಿ ನೆನಪಿರುತ್ತಿತ್ತು. ಅವಳ ಪಕ್ಕ ಕೂತು ಕೆಮ್ಮಬೇಡಿ, ಇಸವಿ ಹೇಳಿಬಿಡ್ತಾಳೆ ಎಂದು ಸಹೋದ್ಯೋಗಿಗಳು ನಗೆಯಾಡುತ್ತಿದ್ದರು.

ಚರ್ಚಿನ ಸಭೆಯ ಕಾರ್ಯದರ್ಶಿ ವಾರದ ಹಿಂದೆ ಮನೆಗೇ ಬಂದು ಕರೆದಿದ್ದರು. ಆ ರೋಗ ಬಂದುಹೋಗಿ ಐದು ವರ್ಷ. ಸಭೆಗೆ ಸೇರಿದವರಲ್ಲಿ ನಲವತ್ತೊಂದು ಜನ ಸತ್ತಿದ್ದರು. ಅವರ ಹೆಸರು ಕೆತ್ತಿದ ಕಪ್ಪು ಕಲ್ಲನ್ನು ಚರ್ಚಿನ ಗೋಡೆಗೆ ಕೂರಿಸಿದ್ದಾರೆ. ಪರದೆ ಸರಿಸುವ ಮುಂಚೆ ಇಪ್ಪತ್ತು ನಿಮಿಷದ ಮಾತು ಬೇಕು.

“ವಿಶ್ವಾಸ ಗಟ್ಟಿಯಾಗೋ ಹಾಗೆ ಹೇಳಿ ಮೇಡಂ. ಹಿಂದಿನ ಕಾಲದಲ್ಲಿ ನಮ್ಮೋರು ರೋಗಿಗಳ ಕೈ ಬಿಡದೆ ನೋಡ್ಕೊಂಡ್ರಂತಲ್ಲ, ಅದು. ಓಡಿಹೋದವರ ಕಥೆ, ಬೇರೆ ಜನರ ಮನೆ ಸುಟ್ಟ ಕಥೆ, ಅದೆಲ್ಲ ಬೇಡ. ಆಮೇಲೆ ಟೀ ಇದೆ.”

ಇಪ್ಪತ್ತೆರಡರ ವಯಸ್ಸಿಗೇ ವಿಶ್ವಾಸ ಬಿಟ್ಟವಳು ಇನ್ನೊಬ್ಬರ ವಿಶ್ವಾಸ ಗಟ್ಟಿ ಮಾಡಲು ಒಪ್ಪಿದ್ದೇಕೆ ಎಂದು ಯಾರೂ ಕೇಳಲಿಲ್ಲ. ಆ ಚರ್ಚಿನ ಹಿಂದಿನ ಸಭಾಪಾಲಕರ ಮಗಳು. ಕೇಳುವುದೇನಿದೆ?

ಆ ಸಭಾಪಾಲಕರು ಈಗ ಅವಳ ಎದುರಿನ ಕುರ್ಚಿಯಲ್ಲಿ ಕೂತು ಚಹಾ ಆರುವುದನ್ನು ಕಾಯುತ್ತಿದ್ದರು. ವಯಸ್ಸು ಎಪ್ಪತ್ತೇಳು. ಅದೇ ಚರ್ಚಿನಲ್ಲಿ ಮೂವತ್ತಮೂರು ವರ್ಷ ಪ್ರಸಂಗ ಮಾಡಿದವರು. ಮೈಕು ಕೆಟ್ಟರೂ ಹಿಂದಿನ ಬೆಂಚಿನವರಿಗೆ ನಿದ್ದೆ ಮಾಡಲು ಬಿಡದ ಗಂಟಲು. ರೋಗ ಇಳಿಮುಖವಾದ ವರ್ಷ, ಗಂಟಲು ಸರಿಯಿಲ್ಲ ಎಂದು ಎರಡು ಸಾಲು ಬರೆದುಕೊಟ್ಟು ಮನೆಗೆ ಬಂದುಬಿಟ್ಟರು. ಡಾಕ್ಟರು ಬಾಯಿಗೆ ಟಾರ್ಚು ಬಿಟ್ಟು ನೋಡಿ, ಗಂಟಲಿಗೆ ಏನೂ ಆಗಿಲ್ಲ ಎಂದರು. ಅಪ್ಪ ಬಾಯಿ ಮುಚ್ಚಿಕೊಂಡರು.

ಅಂದಿನಿಂದ ಊಟದ ಮುಂಚಿನ ಪ್ರಾರ್ಥನೆಯೂ ನಿಂತಿತು. ತಟ್ಟೆಯ ಮುಂದೆ ಕೂತು, ಯಾರೋ ಶುರುಮಾಡಲಿ ಎಂಬಂತೆ ಅರೆನಿಮಿಷ ಕಾಯುತ್ತಾರೆ. ಯಾರೂ ಶುರುಮಾಡುವುದಿಲ್ಲ. ಚಮಚ ಎತ್ತಿಕೊಳ್ಳುತ್ತಾರೆ. ಆ ಪ್ರಾರ್ಥನೆ ಮುಗಿಯಲಿ ಎಂದು ಬಾಲ್ಯವಿಡೀ ಹಸಿದು ಕಾದವಳು ಅವಳು. ಈಗ ಆ ಅರೆನಿಮಿಷವನ್ನು ದಾಟುವುದೇ ದಿನದ ದೊಡ್ಡ ಕೆಲಸವಾಗಿತ್ತು.

ಫೋನು ಬಂತು. ಕಾರ್ಯದರ್ಶಿ.

“ಮೇಡಂ, ಒಂದು ಸಂತೋಷದ ಸುದ್ದಿ. ಗಂಟೆಯಕ್ಕ ಬರ್ತಿದ್ದಾರೆ.”

ಅವಳು ಎದ್ದು ಅಡುಗೆಮನೆಗೆ ಹೋದಳು. ಬಾಗಿಲು ಮುಂದೆ ಮಾಡಿದಳು.

“ಯಾರು?”

“ನಮ್ಮ ಗಂಟೆಯಣ್ಣನ ಹೆಂಡತಿ, ಮೇಡಂ. ಮಗಳ ಊರಿಂದ ಬೆಳಗಿನ ಬಸ್ಸು ಹತ್ತಿದ್ದಾರಂತೆ. ಅಯ್ಯನವರ ಪಕ್ಕದಲ್ಲೇ ಕೂರಿಸ್ತೀನಿ.”

“ಅಪ್ಪ ಬರೋದು ಅನುಮಾನ. ಮೈಗೆ ಹುಷಾರಿಲ್ಲ.”

“ಅಯ್ಯೋ. ಏನಾಗಿದೆ?”

ಒಂದು ಪದ ನಾಲಿಗೆಯ ತುದಿಗೆ ಬಂತು. ಹಳೆಯ ಪರಿಚಯದ ಪದ. ಅವಳು ಅದನ್ನು ನುಂಗಿಕೊಂಡಳು.

“ಸುಸ್ತು,” ಎಂದಳು.

ಐದು ವರ್ಷದ ಹಿಂದೆ ಅದನ್ನು ನುಂಗಿಕೊಂಡಿರಲಿಲ್ಲ.

ಆಗ ಅಪ್ಪನಿಗೆ ಎಪ್ಪತ್ತೆರಡು. ಉಬ್ಬಸ ಬೇರೆ. ಹೊರಗೆ ಹೋಗಬೇಡಿ ಎಂದು ಸರ್ಕಾರ ಹೇಳಿತ್ತು, ಡಾಕ್ಟರು ಹೇಳಿದ್ದರು, ಅವಳು ಕಾಲು ಹಿಡಿಯುವುದೊಂದು ಬಾಕಿಯಿತ್ತು. ಅವರು ಒಂಬತ್ತು ಮನೆಗೆ ಹೋಗಿ ಬಂದಿದ್ದರು. ಬಂದಾಗಲೆಲ್ಲ ಹಿತ್ತಿಲ ಬಾಗಿಲಲ್ಲೇ ಬಟ್ಟೆ ಬಿಚ್ಚಿಸಿ ಕುದಿಯುವ ನೀರಿಗೆ ಹಾಕುತ್ತಿದ್ದಳು. ಒಂಬತ್ತು ಮನೆಗಳಲ್ಲಿ ಏಳು ಜನ ಸತ್ತಿದ್ದರು. ಅಮ್ಮ ಹೋಗಿ ಆಗಲೇ ಹತ್ತು ವರ್ಷ. ಅವಳಿಗೆ ಈ ಲೋಕದಲ್ಲಿ ತನ್ನವರು ಅಂತ ಇದ್ದವರು ಆ ಉಬ್ಬಸದ ಮುದುಕರೊಬ್ಬರೇ.

ಮಧ್ಯಾಹ್ನ ಮೂರು ಗಂಟೆ. ಹಜಾರದಲ್ಲಿ ಚಾರ್ಜಿಗೆ ಹಾಕಿದ್ದ ಅಪ್ಪನ ಫೋನು ಬಡಿದುಕೊಂಡಿತು. ಎತ್ತಿದ್ದು ಅವಳು. ಗಂಟೆಯಕ್ಕನ ದನಿ. ಗಂಟೆಯಣ್ಣನಿಗೆ ಉಸಿರು ಸಿಗುತ್ತಿಲ್ಲ, ಆಸ್ಪತ್ರೆಯಲ್ಲಿ ಜಾಗವಿಲ್ಲ, ಅಯ್ಯನವರನ್ನು ಕಳಿಸಿ. ಆಮೇಲೂ ಏನೋ ಹೇಳುತ್ತಿದ್ದಳು. ಅವಳು ಕೇಳಿಸಿಕೊಳ್ಳಲಿಲ್ಲ, ಅಷ್ಟರಲ್ಲಿ ಅವಳ ಬಾಯಿ ಮಾತಾಡಿಬಿಟ್ಟಿತ್ತು. “ಅಕ್ಕಾ, ಅಪ್ಪನಿಗೂ ಜ್ವರ. ಎದ್ದೇಳೋಕೆ ಆಗ್ತಿಲ್ಲ.”

ಫೋನಿಟ್ಟು, ಆ ಕರೆಯನ್ನು ಅಳಿಸಿ, ಫೋನನ್ನು ಆರಿಸಿದಳು. ಎಲ್ಲ ಸೇರಿ ಅರೆನಿಮಿಷ ಹಿಡಿಯಲಿಲ್ಲ. ಅದು ಈಗಲೂ ಅವಳಿಗೆ ಆಶ್ಚರ್ಯ.

“ಯಾರದು?” ಒಳಕೋಣೆಯಿಂದ ಅಪ್ಪ.

“ರಾಂಗ್ ನಂಬರ್.”

ಮರುದಿನ ಬೆಳಗಿನ ಜಾವ ಗಂಟೆಯಣ್ಣ ಸತ್ತ. ಅಪ್ಪನಿಗೆ ಗೊತ್ತಾಗುವ ಹೊತ್ತಿಗೆ ಹೆಣವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಒಯ್ದು ಮಣ್ಣು ಮಾಡಿಯಾಗಿತ್ತು.

ಮೂವತ್ತು ವರ್ಷ ಆ ಚರ್ಚಿನ ಗಂಟೆ ಹೊಡೆದವನು ಅವನು. ಚರ್ಚಿನ ಹಿಂದಿನ ಕೋಣೆಯಲ್ಲೇ ಅವನ ಸಂಸಾರ. ಅಪ್ಪನ ಪ್ರಸಂಗ ಉದ್ದವಾದರೆ ಗಂಟೆಯ ಹಗ್ಗವನ್ನು ಮೆಲ್ಲಗೆ ಅಲ್ಲಾಡಿಸಿ ಸೂಚನೆ ಕೊಡುವ ಸಲಿಗೆ ಅವನೊಬ್ಬನಿಗಿತ್ತು. ರೋಗದ ಕಾಲದಲ್ಲಿ ಚರ್ಚಿಗೆ ಬೀಗ ಬಿದ್ದ ಮೇಲೂ ಅವನು ಭಾನುವಾರ ಎಂಟಕ್ಕೆ ಸರಿಯಾಗಿ ಗಂಟೆ ಹೊಡೆಯುತ್ತಿದ್ದ. ಯಾರೋ ದೂರು ಕೊಟ್ಟರು. ಅಪ್ಪ ಗೇಟಿನ ಆಚೆ ನಿಂತು ರೇಗಿದರು, “ಯಾರನ್ನ ಕರೀತಿದ್ದೀಯಪ್ಪಾ? ಬರಬೇಡಿ ಅಂತ ನಾವೇ ಹೇಳಿರೋರನ್ನಾ?” ಅವನು ಹಗ್ಗವನ್ನು ಮೊಳೆಗೆ ಸುತ್ತಿಟ್ಟು, “ಸರಿ ಅಯ್ಯನವರೇ,” ಎಂದ. ಅಷ್ಟೇ. ಆಮೇಲೆ ಆರು ವಾರ ಇಬ್ಬರಿಗೂ ಮಾತಿಲ್ಲ. ಆರು ವಾರದ ಕೊನೆಗೆ ಒಬ್ಬನಿಲ್ಲ.

“ಕೊನೇಲೂ ನನ್ನನ್ನ ಕರೀಲಿಲ್ಲ ಅವನು,” ಎಂದು ಅಪ್ಪ ಒಂದೇ ಒಂದು ಸಲ ಹೇಳಿದ್ದರು.

ಅವಳು ಆಗ ಹೇಳಬಹುದಿತ್ತು. ನೀರು ತರುತ್ತೇನೆ ಎಂದು ಎದ್ದುಹೋಗಿದ್ದಳು. ಮರುದಿನ ಹೇಳುವುದು ಇನ್ನಷ್ಟು ಕಷ್ಟವಾಯಿತು. ನಿನ್ನೆಯೇ ಏಕೆ ಹೇಳಲಿಲ್ಲ ಎಂಬ ಪ್ರಶ್ನೆಯೂ ಜೊತೆಗೆ ಸೇರಿಕೊಂಡಿತು. ಹಾಗೆ ಒಂದೊಂದೇ ನಿನ್ನೆ ಸೇರಿ ಐದು ವರ್ಷವಾಯಿತು. ಅಪ್ಪ ಹೋಗಿ ನೋಡುವ ಮುಂಚೆಯೇ ಗಂಟೆಯಕ್ಕ ಮಗಳ ಊರಿಗೆ ಹೊರಟುಹೋಗಿದ್ದಳು. ಜೀವ ಹೋಗುವ ಹೊತ್ತಲ್ಲದೆ ಅಯ್ಯನವರ ಜೊತೆ ಫೋನಿನಲ್ಲಿ ಮಾತಾಡುವುದು ಮರ್ಯಾದೆಯಲ್ಲ ಎಂದುಕೊಂಡವಳು ಅವಳು. ಇನ್ನು ಬರಲಿಕ್ಕಿಲ್ಲ ಅನ್ನಿಸಿತ್ತು.

ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ? ಚರ್ಚಿಗೆ ಬಂದವಳು ಅಯ್ಯನವರನ್ನು ಮಾತಾಡಿಸದೆ ಹೋಗುತ್ತಾಳೆಯೇ?

ಅವಳು ಅಡುಗೆಮನೆಯಿಂದ ಹೊರಗೆ ಬಂದು ತನ್ನ ಚಹಾದ ಲೋಟ ಎತ್ತಿಕೊಂಡಳು.

“ಅಪ್ಪ, ಇವತ್ತು ಬಿಸಿಲು ಜಾಸ್ತಿ. ನೀವು ಬರೋದು ಬೇಡ.”

“ಹೂಂ.”

“ನಾನು ಬಂದು ಎಲ್ಲ ಹೇಳ್ತೀನಿ.”

“ಕಲ್ಲಿನ ಮೇಲೆ ಅವನ ಹೆಸರು ಎಷ್ಟನೇದು?”

ಯಾರ ಹೆಸರು ಎಂದು ಅವಳು ಕೇಳಲಿಲ್ಲ. “ಅಕ್ಷರಮಾಲೆ ಪ್ರಕಾರ ಹಾಕಿದ್ದಾರಂತೆ.”

“ಹಾಗಾದ್ರೆ ಕೆಳಗಡೆ ಇರುತ್ತೆ. ಬಗ್ಗಿ ಓದಬೇಕು.” ಅಪ್ಪ ಬ್ರೆಡ್ಡಿನ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. “ಇಸ್ತ್ರಿ ಮಾಡಿದ ಅಂಗಿ ಇದೆಯಾ?”

“ಅಪ್ಪ, ಉಬ್ಬಸ...”

“ಇದೆಯಾ ಇಲ್ವಾ?”

ಇತ್ತು.

ಹನ್ನೊಂದಕ್ಕೆ ಕಾಲೇಜಿನಲ್ಲಿ ಒಂದು ತರಗತಿ. ಸಂಜೆಯ ಭಾಷಣವನ್ನೇ ಅಲ್ಲಿ ಒಮ್ಮೆ ಹೇಳಿ ನೋಡಿದಳು. ಕಾರ್ಯದರ್ಶಿ ಬೇಡವೆಂದದ್ದೂ ಅಲ್ಲಿ ಬಂತು, ಹುಡುಗಿಯರ ಮುಂದೆ ಅವಳಿಗೆ ಧೈರ್ಯ ಹೆಚ್ಚು. ಮೂರನೇ ಶತಮಾನದ ಬಂದರು ಪಟ್ಟಣ. ಸಾಯುವ ಮುಂಚೆಯೇ ತಮ್ಮವರನ್ನು ಬೀದಿಗೆ ಎಸೆದ ಜನ. ಆ ಬೀದಿಗೆ ಇಳಿದು ರೋಗಿಗಳ ಮೈ ತೊಳೆದು, ಅದೇ ರೋಗಕ್ಕೆ ತಾವೂ ಸತ್ತ ಕ್ರೈಸ್ತರು. ಹದಿನಾಲ್ಕನೇ ಶತಮಾನ, ಕೊನೆಯ ಸಂಸ್ಕಾರ ಕೊಡಲು ಹೋಗಿ ಸತ್ತ ಪಾದ್ರಿಗಳು, ಊರು ಬಿಟ್ಟು ಓಡಿದ ಪಾದ್ರಿಗಳು, ತಮ್ಮ ಬೆನ್ನಿಗೆ ತಾವೇ ಚಾಟಿ ಬೀಸಿಕೊಂಡು ಬೀದಿ ಬೀದಿ ಸುತ್ತಿದವರು, ಬಾವಿಗೆ ವಿಷ ಹಾಕಿದರೆಂದು ಇನ್ನೊಂದು ಧರ್ಮದ ನೆರೆಯವರನ್ನು ಸುಟ್ಟವರು. ಹದಿನೇಳನೇ ಶತಮಾನದ ಒಂದು ಬೆಟ್ಟದ ಹಳ್ಳಿ. ರೋಗ ಆಚೆ ದಾಟದಿರಲಿ ಎಂದು ತಮಗೆ ತಾವೇ ಗಡಿ ಹಾಕಿಕೊಂಡು ಒಳಗೇ ಸತ್ತ ಜನ. ಆ ಹಳ್ಳಿಯ ಪಾದ್ರಿ ಬದುಕಿದ, ಹೆಂಡತಿ ಸತ್ತಳು.

ಹಿಂದಿನ ಬೆಂಚಿನಲ್ಲಿ ಜಡೆಯ ತುದಿ ಕಚ್ಚುತ್ತ ಕೂತಿದ್ದ ಹುಡುಗಿ ಕೈಯೆತ್ತಿದಳು.

“ಮಿಸ್, ಓಡಿಹೋದವರು ಏನಾದ್ರು?”

“ಬದುಕಿದರು.”

ತರಗತಿ ನಕ್ಕಿತು.

“ಆಮೇಲೆ?”

“ಆಮೇಲೆ ಕೆಲವರು ವಾಪಸ್ ಬಂದ್ರು. ಬಂದು, ಉಳಿದು ಸತ್ತವರ ಬಗ್ಗೆ ಬರೆದಿಟ್ಟರು.”

ಹುಡುಗಿ ಜಡೆ ಬಿಟ್ಟಳು. “ಹಾಗಾದ್ರೆ ನಾವು ಓದೋದೆಲ್ಲ ಓಡಿಹೋದವರು ಬರೆದದ್ದಾ ಮಿಸ್?”

“ಎಲ್ಲಾ ಅಲ್ಲ,” ಎಂದಳು ಅವಳು. ಎಷ್ಟು ಎಂದು ಹೇಳಲು ಅಂಕಿ ಅವಳ ಬಳಿ ಇರಲಿಲ್ಲ. ಅವಧಿ ಮುಗಿಯಲು ಇನ್ನೂ ಹತ್ತು ನಿಮಿಷ ಇದ್ದಾಗಲೇ ಪುಸ್ತಕ ಮಡಚಿದಳು. ಹುಡುಗಿಯರು ಖುಷಿಯಿಂದ ಎದ್ದರು.

ಮೂರೂವರೆಗೆ ಅಪ್ಪನನ್ನು ಕಾರಿನಲ್ಲಿ ಕೂರಿಸಿಕೊಂಡು ಹೊರಟಳು. ಅಪ್ಪ ಬಿಳಿ ಅಂಗಿ ಹಾಕಿದ್ದರು. ಕ್ಷೌರ ಮಾಡಿಕೊಳ್ಳುವಾಗ ಗಲ್ಲ ಸ್ವಲ್ಪ ಕೊಯ್ದಿತ್ತು. ಆ ಜಾಗಕ್ಕೆ ಪೇಪರಿನ ಚೂರು ಅಂಟಿಸಿಕೊಂಡಿದ್ದರು. ಅದನ್ನು ತೆಗೆಯಿರಿ ಎಂದು ಹೇಳಬೇಕೆಂದುಕೊಂಡಳು. ಬೇರೆ ಮಾತು ಮೊದಲು ಹೇಳಬೇಕಿತ್ತು.

ದೊಡ್ಡ ಚೌಕದಲ್ಲಿ ಕೆಂಪು ದೀಪ. ತೊಂಬತ್ತು ಸೆಕೆಂಡು. ತೊಂಬತ್ತು ಸೆಕೆಂಡಿನಲ್ಲಿ ಯಾವ ತಪ್ಪನ್ನಾದರೂ ಒಪ್ಪಿಕೊಳ್ಳಬಹುದು.

“ಅಪ್ಪ, ಒಂದು ವಿಷಯ.”

“ಹೇಳು.”

ಎಪ್ಪತ್ತು. ಅರವತ್ತು.

“ಗಂಟೆಯಕ್ಕ ಬರ್ತಿದ್ದಾರೆ.”

ಅಪ್ಪ ಎರಡೂ ಕೈಯನ್ನು ಮಂಡಿಯ ಮೇಲೆ ಇಟ್ಟುಕೊಂಡರು. ಕೈಗಳನ್ನೇ ನೋಡಿದರು.

“ನನ್ನ ಮುಖ ನೋಡ್ತಾಳಾ?”

“ಯಾಕ್ ನೋಡಲ್ಲ?”

“ಅವನು ಸಾಯ್ತಿದ್ದಾಗ ನಾನು ಇಲ್ಲೇ ಮೂರು ಬೀದಿ ಆಚೆ ಇದ್ದೆ. ಆರು ವಾರದಲ್ಲಿ ಒಂದು ಸಲ ಹೋಗಿ, ಏನಪ್ಪಾ ಅನ್ನಲಿಲ್ಲ. ಅವನೇ ಬರಲಿ ಅಂತ ಕೂತೆ.” ಸ್ವಲ್ಪ ತಡೆದು ಹೇಳಿದರು, “ಸಭಾಪಾಲಕ.”

ಬೇರೆಯವರ ಕೆಟ್ಟ ಗುಣವೊಂದನ್ನು ಹೆಸರಿಸಿದ ಹಾಗೆ ಹೇಳಿದರು.

“ಅಪ್ಪ, ಅವತ್ತು...”

ಹಿಂದಿನ ಕಾರು ಹಾರ್ನು ಬಾರಿಸಿತು. ದೀಪ ಹಸಿರಾಗಿತ್ತು. ಅವಳು ಗೇರು ಹಾಕಿದಳು.

“ಅವತ್ತು ಏನು?”

“ಏನಿಲ್ಲ. ಗಲ್ಲದ ಮೇಲೆ ಪೇಪರ್ ಇದೆ, ತೆಗೀರಿ.”

ಗಂಟೆಯಕ್ಕನ ಬಸ್ಸು ತಡ ಎಂದು ಕಾರ್ಯದರ್ಶಿ ಬಾಗಿಲಲ್ಲೇ ಹೇಳಿದರು. ಅವಳಿಗೆ ಜೀವ ಬಂದ ಹಾಗಾಯಿತು. ಅಪ್ಪನನ್ನು ಮುಂದಿನ ಸಾಲಿನಲ್ಲಿ ಕೂರಿಸಿದರು. ಪಕ್ಕದ ಕುರ್ಚಿಯ ಮೇಲೆ ಒಂದು ಕರವಸ್ತ್ರ ಹಾಸಿ ಜಾಗ ಕಾದಿರಿಸಿದರು. ಹೊಸ ಸಭಾಪಾಲಕರು ತೆಳ್ಳಗಿನ ಯುವಕ. ಎಲ್ಲರಿಗೂ ಕೈ ಕೊಟ್ಟು, ಕೊಟ್ಟ ಮೇಲೆ ಒಂದು ಸಣ್ಣ ಬಾಟಲಿಯಿಂದ ಕೈಗೆ ಏನೋ ಸವರಿಕೊಳ್ಳುತ್ತಿದ್ದರು. ಆ ವರ್ಷದ ಅಭ್ಯಾಸ, ಹೋಗಿಲ್ಲ.

ಅವಳು ಮಾತು ಶುರುಮಾಡಿ ಐದು ನಿಮಿಷವಾಗಿತ್ತು. ಬಂದರು ಪಟ್ಟಣದ ಬೀದಿಯಲ್ಲಿ ಇನ್ನೂ ರೋಗಿಗಳ ಮೈ ತೊಳೆಯುತ್ತಿದ್ದರು. ಹಿಂದಿನ ಬಾಗಿಲು ಕಿರ್ರೆಂದಿತು. ಬಟ್ಟೆಯ ಚೀಲವನ್ನು ಎದೆಗೆ ಅವಚಿಕೊಂಡು ಗಂಟೆಯಕ್ಕ ಬಂದಳು. ಐದು ವರ್ಷದಲ್ಲಿ ಒಂದು ಗೇಣು ಕುಗ್ಗಿದ್ದಳು. ಕಾರ್ಯದರ್ಶಿ ತುದಿಗಾಲಲ್ಲಿ ಓಡಿ, ಕರವಸ್ತ್ರ ತೆಗೆದು ಕೂರಿಸಿದರು.

ಅವಳು ಓದುತ್ತ ಹೋದಳು. ‘ಸ್ವಂತ ಜೀವದ ಹಂಗು ತೊರೆದು’ ಎಂದು ಓದಿದಳು. ಗಂಟೆಯಕ್ಕ ಅಪ್ಪನ ಕಡೆ ತಿರುಗಿ ಕೈಮುಗಿದಳು. ‘ಸಾವಿನ ಹಾಸಿಗೆಯ ಬಳಿ ನಿಂತವರು’ ಎಂದು ಓದಿದಳು. ಗಂಟೆಯಕ್ಕ ಅಪ್ಪನ ಕಿವಿಯ ಬಳಿ ಬಾಗಿ ಏನೋ ಹೇಳತೊಡಗಿದಳು. ಉದ್ದವಾಗಿ ಹೇಳಿದಳು. ತುಟಿ ಆಡುವುದು ಕಾಣುತ್ತಿತ್ತು. ಮೈಕಿನಿಂದ ಬರುತ್ತಿದ್ದ ತನ್ನದೇ ದನಿ ಆ ಮಾತಿಗೆ ಅಡ್ಡ ನಿಂತಿತ್ತು.

ಅಪ್ಪ ಅಲುಗಾಡದೆ ಕೇಳಿದರು. ಆಮೇಲೆ ತಲೆಯೆತ್ತಿದರು. ನೇರವಾಗಿ ವೇದಿಕೆಯ ಮೇಲಿದ್ದ ಅವಳನ್ನು ನೋಡಿದರು.

ಅವಳು ಒಂದೇ ಸಾಲನ್ನು ಎರಡು ಸಲ ಓದಿದಳು. ಯಾರಿಗೂ ಗೊತ್ತಾಗಲಿಲ್ಲ. ಧರ್ಮದ ಭಾಷಣದಲ್ಲಿ ಅದು ಒತ್ತಿ ಹೇಳಿದ ಹಾಗೆ ಕೇಳಿಸುತ್ತದೆ.

ಅಪ್ಪ ಗಂಟೆಯಕ್ಕನ ಕಡೆ ತಿರುಗಿದರು. ಎರಡು ಮೂರು ಮಾತು, ಅಷ್ಟೇ ಹೇಳಿದರು. ಗಂಟೆಯಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮುಖದಲ್ಲಿ ನಗುವಿತ್ತು.

ಚಪ್ಪಾಳೆ ಬಿತ್ತು. ವಿಶ್ವಾಸ ಗಟ್ಟಿಯಾಗಿರಬೇಕು. ಹೊಸ ಸಭಾಪಾಲಕರು ಹಗ್ಗ ಎಳೆದರು. ಪರದೆ ಒಂದು ಮೂಲೆಯಲ್ಲಿ ಸಿಕ್ಕಿಹಾಕಿಕೊಂಡಿತು. ಇಬ್ಬರು ಬೆಂಚು ಹತ್ತಿ ಬಿಡಿಸಿದರು. ಕಪ್ಪು ಕಲ್ಲಿನ ಮೇಲೆ ನಲವತ್ತೊಂದು ಹೆಸರು. ಜನ ಗುಂಪುಗೂಡಿ ತಮ್ಮ ತಮ್ಮವರನ್ನು ಹುಡುಕಿಕೊಂಡರು. ಗಂಟೆಯಣ್ಣ ಎಲ್ಲಿ, ಗಂಟೆಯಣ್ಣ ಎಲ್ಲಿ ಎಂದು ಕೆಲವರು ಕೇಳುತ್ತಿದ್ದರು. ಅವನ ನಿಜವಾದ ಹೆಸರು ಅವರಿಗೆ ಗೊತ್ತಿರಲಿಲ್ಲ. ಕೊನೆಯಿಂದ ಎರಡನೆಯದು.

ಹಾಡುಗಳೆಲ್ಲ ಮುಗಿಯುವಷ್ಟರಲ್ಲಿ ಹೊತ್ತು ಮುಳುಗುತ್ತ ಬಂದಿತ್ತು. ಪಕ್ಕದ ಕೊಠಡಿಯಲ್ಲಿ ಚಹಾ. ಗಂಟೆಯಕ್ಕ ತಾನಾಗಿಯೇ ಅವಳ ಬಳಿ ಬಂದಳು. ಅವಳ ಎರಡೂ ಕೈ ಹಿಡಿದುಕೊಂಡಳು. ಒರಟು ಕೈ, ಬೆಚ್ಚಗಿತ್ತು.

“ಎಷ್ಟು ಚೆನ್ನಾಗಿ ಮಾತಾಡಿದ್ರಿ ತಾಯಿ. ನಂಗೆ ಅರ್ಧ ಅರ್ಥ ಆಗ್ಲಿಲ್ಲ. ಆದ್ರೂ ಅಳು ಬಂತು.”

“ಅಕ್ಕಾ, ಅಪ್ಪನ ಹತ್ರ ಏನು ಮಾತಾಡ್ತಿದ್ರಿ?”

“ಅದೇ, ಅವತ್ತಿನ ವಿಷಯ. ನಾನು ಫೋನ್ ಮಾಡಿದ್ನಲ್ಲ. ನಮ್ಮೋರು ಹೇಳಿದ್ರು, ಅಯ್ಯನವರು ಒಳಗೆ ಬರೋದು ಬೇಡ, ಅವರಿಗೂ ವಯಸ್ಸಾಗಿದೆ, ಕಿಟಕಿ ಹೊರಗೆ ನಿಂತು ನಾಲ್ಕು ಮಾತು ಪ್ರಾರ್ಥನೆ ಮಾಡಿದ್ರೆ ಸಾಕು, ನಾನು ಒಳಗಿಂದ ಆಮೆನ್ ಅಂತೀನಿ ಅಂತ. ನಿಮಗೂ ಅದನ್ನೇ ಹೇಳಿದ್ದೆ. ನೆನಪಿಲ್ವಾ?”

ಆಮೇಲೂ ಏನೋ ಹೇಳುತ್ತಿದ್ದಳು. ಅವತ್ತು ಫೋನಿನಲ್ಲಿ ತಾನು ಕೇಳಿಸಿಕೊಳ್ಳದೆ ಹೋದದ್ದು ಇದನ್ನೇ.

“ನೀವು, ಅಯ್ಯನವರಿಗೂ ಜ್ವರ ಅಂದ್ರಿ. ನಾನು ಹೋಗಿ ಇವರಿಗೆ ಹೇಳ್ದೆ. ಅಷ್ಟೇ ನೋಡಿ. ತಮ್ಮ ಕಾಯಿಲೆ ಮರೆತೇಬಿಟ್ರು. ಅವರ ಮೇಲೆ ಮುನಿಸ್ಕೊಂಡಿದ್ನಲ್ಲೇ ಅಂತ ಅತ್ರು. ಉಸಿರೇ ಇರ್ಲಿಲ್ಲ ತಾಯಿ, ಆದ್ರೂ ಬೆಳಗಿನ ಜಾವದವರೆಗೂ ಅಯ್ಯನವರಿಗೋಸ್ಕರ ಪ್ರಾರ್ಥನೆ ಮಾಡಿದ್ರು. ಸಭೆಗೆ ಅವರು ಬೇಕು ಸ್ವಾಮಿ, ಅವರನ್ನ ಬಿಡು, ನನ್ನ ತಗೋ ಅಂತ. ಅದೇ ಕೊನೆ ಮಾತು.” ಗಂಟೆಯಕ್ಕ ಅವಳ ಕೈಗಳನ್ನು ಒತ್ತಿದಳು. “ದೇವರು ಕೇಳಿದ ನೋಡಿ. ಅಯ್ಯನವರು ಉಳಿದ್ರು. ನಾನು ಒಂದು ದಿನಾನೂ ದೇವರನ್ನ ಬೈಲಿಲ್ಲ. ಇವರು ಸುಮ್ನೆ ಸಾಯ್ಲಿಲ್ವಲ್ಲ.”

ಹಿಂದೆ ಯಾರೋ ಲೋಟ ಬೀಳಿಸಿದರು.

“ಅಪ್ಪ... ಅಪ್ಪ ಏನಂದ್ರು?”

“ಹೌದಮ್ಮ, ಅವತ್ತು ಮೈ ಕೆಂಡದ ಹಾಗೆ ಸುಡ್ತಿತ್ತು, ಬೆಳಗಿನ ಜಾವ ಇದ್ದಕ್ಕಿದ್ದ ಹಾಗೆ ಇಳೀತು ಅಂದ್ರು. ಅದೇ ಹೊತ್ತು ನೋಡಿ! ನಂಗೆ ಮೈ ಜುಂ ಅಂತು.” ಚೀಲದಿಂದ ಸಣ್ಣ ಪೊಟ್ಟಣವೊಂದನ್ನು ತೆಗೆದಳು. ಹೆಣೆದ ಉಣ್ಣೆಯ ಗಂಟಲುಪಟ್ಟಿ. “ಅಯ್ಯನವರಿಗೆ ಗಂಟಲು ಸರಿಯಿಲ್ಲ ಅಂತ ಕೇಳ್ದೆ. ನಾನೇ ಹೆಣೆದದ್ದು. ಎಲ್ಲಿ ಹೋದ್ರು ಅವರು?”

ಅವಳು ಸುತ್ತ ನೋಡಿದಳು. ಅಪ್ಪ ಚಹಾದ ಕೊಠಡಿಯಲ್ಲಿರಲಿಲ್ಲ. ಕಲ್ಲಿನ ಮುಂದೆ ಇರಲಿಲ್ಲ. ಕಾರಿನ ಹತ್ತಿರ ಇರಲಿಲ್ಲ.

ಪಟ್ಟಿಯನ್ನು ಕೈಯಲ್ಲಿ ಹಿಡಿದುಕೊಂಡೇ ಚರ್ಚನ್ನು ಒಂದು ಸುತ್ತು ಬಂದಳು. ಹಿಂದುಗಡೆ ಸಿಮೆಂಟಿನ ಸಣ್ಣ ದಾರಿ. ದಾರಿಯ ನಡುವೆ ಅಪ್ಪ ನಿಂತಿದ್ದರು. ಅವಳ ಹೆಜ್ಜೆಯ ಸದ್ದಿಗೆ ತಿರುಗಲಿಲ್ಲ.

“ಎಷ್ಟು ಗಂಟೆಗೆ ಫೋನ್ ಮಾಡಿದ್ದಳು?”

“ಮೂರು ಗಂಟೆಗೆ.”

“ನಾನು ಏನ್ ಮಾಡ್ತಿದ್ದೆ?”

ಅವಳು ಯೋಚಿಸುವ ಅಗತ್ಯವಿರಲಿಲ್ಲ. ಆದರೂ ಯೋಚಿಸಿದ ಹಾಗೆ ಮಾಡಿದಳು. “ಪದಬಂಧ ಬಿಡಿಸ್ತಿದ್ರಿ.”

“ಪದಬಂಧ.”

“ಹೋಗಿದ್ರೆ ನೀವೂ ಉಳೀತಿರಲಿಲ್ಲ ಅಪ್ಪ. ಆ ವಯಸ್ಸಿಗೆ, ಆ ಉಬ್ಬಸಕ್ಕೆ ನೂರಕ್ಕೆ ಇಪ್ಪತ್ತು ಜನ...”

“ಹೂಂ.”

“ನಂಗೆ ಬೇರೆ ಯಾರಿದ್ರು?”

ಆ ಪ್ರಶ್ನೆಯನ್ನು ಐದು ವರ್ಷದಿಂದ ಕಾದಿರಿಸಿಕೊಂಡಿದ್ದಳು. ಕೇಳಿದ ಮೇಲೆ ಅಪ್ಪ ಬೈಯುತ್ತಾರೆ, ಅಥವಾ ತಲೆ ನೇವರಿಸುತ್ತಾರೆ, ಎರಡರಲ್ಲಿ ಒಂದು ಎಂದುಕೊಂಡಿದ್ದಳು. ಅಪ್ಪ ಗಲ್ಲದ ಗಾಯವನ್ನು ಮುಟ್ಟಿಕೊಂಡರು. ಬೆರಳು ನೋಡಿಕೊಂಡರು.

“ಅವಳಿಗೆ ಯಾವತ್ತೂ ಹೇಳಬೇಡ,” ಎಂದರು.

“ಅಪ್ಪ, ನನ್ನನ್ನ ಬೈದುಬಿಡಿ.”

“ನೀನು ಇಲ್ಲೇ ನಿಂತಿರು.”

ಚಿಕ್ಕವಳಿದ್ದಾಗ ರೋಗಿಗಳ ಮನೆಗೆ ಕರೆದುಕೊಂಡು ಹೋದರೆ, ಹೊಸ್ತಿಲ ಹೊರಗೆ ನಿಲ್ಲಿಸಿ ಹೇಳುತ್ತಿದ್ದ ದನಿಯಲ್ಲಿ ಹೇಳಿದರು. ಅವಳು ನಿಂತಳು.

ದಾರಿಯ ಕೊನೆಗೆ ಗಂಟೆಯಣ್ಣನ ಕೋಣೆ. ಈಗ ಅಲ್ಲಿ ಯಾರೂ ಇರಲಿಲ್ಲ. ಸಭೆಯವರು ಅದನ್ನು ಉಗ್ರಾಣ ಮಾಡಿಕೊಂಡು ಹೊರಗಿನಿಂದ ಬೀಗ ಹಾಕಿದ್ದರು. ಕಿಟಕಿಯ ಗಾಜಿನ ಹಿಂದೆ ಒಂದರ ಮೇಲೊಂದು ಪೇರಿಸಿದ ಪ್ಲಾಸ್ಟಿಕ್ ಕುರ್ಚಿಗಳು, ಮಡಚಿದ ಶಾಮಿಯಾನ, ಬಾಯಿ ಗೋಡೆಗೆ ತಿರುಗಿಸಿಟ್ಟ ಒಂದು ಹಳೆಯ ಧ್ವನಿವರ್ಧಕ.

ಅಪ್ಪ ಕಿಟಕಿಯ ಮುಂದೆ ಹೋಗಿ ನಿಂತರು. ಅಂಗಿಯ ಕೊರಳಗುಂಡಿ ಹಾಕಿಕೊಂಡರು. ಬೆರಳ ಗೆಣ್ಣಿನಿಂದ ಗಾಜನ್ನು ಎರಡು ಸಲ ಮೆಲ್ಲಗೆ ತಟ್ಟಿದರು. ಕಾದರು. ಆಮೇಲೆ ಕಣ್ಣು ಮುಚ್ಚಿ ಶುರುಮಾಡಿದರು.

ಗಂಟಲಿಗೆ ಏನೂ ಆಗಿರಲಿಲ್ಲ. ಡಾಕ್ಟರು ಸರಿಯಾಗಿಯೇ ಹೇಳಿದ್ದರು. ಅದೇ ದನಿ, ಹಿಂದಿನ ಬೆಂಚಿಗೆ ತಲುಪುತ್ತಿದ್ದ ದನಿ. ಅವಳು ಒಂದೊಂದು ಮಾತನ್ನೂ ಕೇಳಿದಳು. ಅದು ಸತ್ತವರಿಗಾಗಿ ಮಾಡುವ ಪ್ರಾರ್ಥನೆಯಾಗಿರಲಿಲ್ಲ. ತಂದೆಯೇ, ಈ ನಿನ್ನ ಮಗನ ಜ್ವರ ಇಳಿಸು. ಈ ರಾತ್ರಿ ಇವನ ಉಸಿರು ಸರಾಗವಾಗಲಿ. ಬೆಳಗಾಗುವಷ್ಟರಲ್ಲಿ ಇವನು ಎದ್ದು ಕೂರಲಿ. ಇವನ ಹೆಂಡತಿಗೆ ಧೈರ್ಯ ಕೊಡು. ನಾನು ಬರುವುದು ತಡವಾಯಿತು, ಅದನ್ನು ಇವನು ಮನಸ್ಸಿಗೆ ಹಚ್ಚಿಕೊಳ್ಳದಿರಲಿ.

ಅಪ್ಪ ನಿಲ್ಲಿಸಿದರು. ರೋಗಿ ಆಮೆನ್ ಅನ್ನಬೇಕಾದ ಜಾಗ ಅದು. ತ್ರಾಣವಿಲ್ಲದವರಿಗೆ ತಡವಾಗುತ್ತದೆ ಎಂಬುದು ನೂರಾರು ಮಂಚಗಳ ಬಳಿ ನಿಂತವರಿಗೆ ಗೊತ್ತಿತ್ತು. ತಲೆ ಸ್ವಲ್ಪ ಓರೆ ಮಾಡಿ, ಕಿವಿಯನ್ನು ಗಾಜಿನ ಕಡೆಗಿಟ್ಟು, ಕಾದರು.

ಅವಳು ಬಾಯಿ ತೆರೆದಳು. ಎರಡು ಅಕ್ಷರ ಮತ್ತು ಒಂದು ಅರೆ ಅಕ್ಷರ. ಮೂರನೇ ಶತಮಾನದಿಂದ ಇಲ್ಲಿಯವರೆಗೆ ಎಷ್ಟು ಜನ, ಎಂತೆಂಥ ಬಾಯಿಗಳಿಂದ ಅದನ್ನು ಹೇಳಿದ್ದರು. ಆದರೆ ಕರೆ ಬಂದದ್ದು ಅವಳಿಗಲ್ಲ. ಮತ್ತು ಅವಳಿಗೆ ಅಲ್ಲೇ ನಿಂತಿರು ಎಂದು ಹೇಳಲಾಗಿತ್ತು.

ಚಹಾದ ಕೊಠಡಿಯಿಂದ ನಗು ಕೇಳಿಸಿತು. ಯಾರೋ ಹೊರಗಿನ ದೀಪ ಹಾಕಿದರು. ಒಮ್ಮೆಗೇ ಕಿಟಕಿಯ ಗಾಜು ಕನ್ನಡಿಯಾಯಿತು, ಕುರ್ಚಿಗಳು ಮಾಯವಾದವು. ಅವುಗಳ ಜಾಗದಲ್ಲಿ, ಬೀಗ ಹಾಕಿದ ಕೋಣೆಯ ಒಳಗೆ, ಬಿಳಿ ಅಂಗಿಯ ಮುದುಕನೊಬ್ಬ ತಲೆ ಓರೆ ಮಾಡಿ ಹೊರಗಿನ ಸದ್ದಿಗೆ ಕಿವಿಗೊಟ್ಟು ನಿಂತಿದ್ದ. ಅವನ ಹಿಂದೆ ಬಲು ದೂರದಲ್ಲಿ, ಕೈಯಲ್ಲಿ ಉಣ್ಣೆಯ ಚೂರೊಂದನ್ನು ಹಿಡಿದು, ಬಾಯಿ ತೆರೆದ ಹೆಂಗಸೊಬ್ಬಳು.